ಭೀಮನ ಕೊಳ್ಳದಲ್ಲಿ ಅವ್ವನ ಬಾಟಲಿ

ಶ್ರೀಶೈಲಕ್ಕೆ ನಡೆದು ಹೋಗುವ ಹರಕೆ ನನ್ನದಲ್ಲ, ಅವ್ವನದು. ಅವಳ ಹಟ ಬಲ್ಲವಳಾದ್ದರಿಂದ ನಾನು ಹಿಂದೆ ಹೊರಟೆ, ಅಷ್ಟೇ. ಮಸ್ಕಿಯ ಗುಡ್ಡದ ಮೇಲಿನ ಮಲ್ಲಯ್ಯನನ್ನು ಸೋಮವಾರಕ್ಕೊಮ್ಮೆ ಹತ್ತಿ ನೋಡಿ ಬರುವ ಅವ್ವ, ಶ್ರೀಶೈಲದ ದಾರಿಯ ನಲ್ಲಮಲದ ಕಾಡೂ ಅಂಥದ್ದೇ ಒಂದು ಗುಡ್ಡ ಎಂದುಕೊಂಡಿದ್ದಳು. ಯುಗಾದಿ ಮುಂದಿನ ಬಿಸಿಲು ಭಕ್ತರು ಯಾರು, ಅಲ್ಲದವರು ಯಾರು ಎಂದು ಕೇಳುವುದಿಲ್ಲ.

ನಮ್ಮ ಕಡೆಯವರಿಗೆ ಶ್ರೀಶೈಲದ ಮಲ್ಲಯ್ಯ ಅಳಿಯ, ಅವನ ಪಕ್ಕದ ದೇವಿ ಮನೆಮಗಳು. ಹಬ್ಬಕ್ಕೆ ತವರಿನವರು ಸೀರೆ, ಕುಪ್ಪಸ, ಬಳೆ, ಕೊಬ್ಬರಿ ಒಯ್ಯಬೇಕು. ಆ ಗಂಟನ್ನು ನನ್ನ ಬೆನ್ನಿನ ಚೀಲಕ್ಕೆ ಹಾಕಲು ಅವ್ವ ಒಪ್ಪಲಿಲ್ಲ, ತಾನೇ ತಲೆಯ ಮೇಲೆ ಹೊತ್ತಳು. ಮಗಳ ಮನೆಯ ವಿಷಯದಲ್ಲಿ ನಮ್ಮ ಮನೆತನಕ್ಕೆ ಇನ್ನೊಂದು ಪದ್ಧತಿ ಇದೆ. ಮೊಮ್ಮಗು ಹುಟ್ಟುವ ತನಕ ತಾಯಿ ಮಗಳ ಮನೆಯ ನೀರು ಮುಟ್ಟುವುದಿಲ್ಲ. ನನ್ನನ್ನು ಲಿಂಗಸುಗೂರಿಗೆ ಕೊಟ್ಟು ಎಷ್ಟೋ ವರ್ಷವಾಯಿತು, ಮಕ್ಕಳಾಗಿಲ್ಲ. ಅವ್ವ ಬಂದಾಗಲೆಲ್ಲ ಮಸ್ಕಿಯಿಂದಲೇ ಬಾಟಲಿಯಲ್ಲಿ ನೀರು ತಂದು, ನನ್ನ ಪಡಸಾಲೆಯಲ್ಲಿ ಕೂತು ಅದನ್ನೇ ಕುಡಿದು ಹೋಗುತ್ತಿದ್ದಳು. ಆ ಬಾಟಲಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಿಂಧನೂರಿನಲ್ಲಿ ಜನ ಕರೆಕರೆದು ಮಜ್ಜಿಗೆ ಕೊಟ್ಟರು. ಜವಳಗೇರಾದ ಹತ್ತಿರ ಕಾಲುವೆ ತುಂಬ ನೀರಿತ್ತು, ಕಾಲು ಇಳಿಬಿಟ್ಟು ಕೂತಿದ್ದೆವು. ಕಾಡು ಹೊಕ್ಕ ಮೇಲೆ ಆ ಕಾಲುವೆ ಬರೀ ಕನಸಾಯಿತು. ಭೀಮನ ಕೊಳ್ಳಕ್ಕೆ ಇಳಿಯುವ ದಿನ ಬೆಳಗ್ಗೆ, ಕಾವಡಿಯಂಥ ಮಲ್ಲಯ್ಯನ ಕಂಬಿಯನ್ನು ಹೆಗಲ ಮೇಲೆ ಹೊತ್ತು ಮುಂದೆ ನಡೆಯುವ ನಮ್ಮ ಗುಂಪಿನ ಹಿರಿಯರು ಎಲ್ಲರಿಗೂ ಹೇಳಿದರು.

"ಮುಂದ ಹನಿ ನೀರು ಸಿಗಂಗಿಲ್ರೀ. ಇಲ್ಲೇ ತುಂಬ್ಕೋರಿ."

ಅವ್ವನೂ ತುಂಬಿಕೊಂಡಳು. ನಾನೇ ಕಣ್ಣಾರೆ ನೋಡಿದೆ, ಸಮಾಧಾನಪಟ್ಟೆ.

ಒಬ್ಬರ ಕೈ ಒಬ್ಬರು ಹಿಡಿದು ಕೊಳ್ಳಕ್ಕೆ ಇಳಿದೆವು. ಆ ಕಡೆಯ ಏರು ಹತ್ತುವಾಗ ಅವ್ವ ಬಂಡೆ ಹಿಡಿದು ಕೂತಳು. ತುಟಿ ಬಿಳುಚಿತ್ತು, ಮೈಯಲ್ಲಿ ಬೆವರೇ ಇರಲಿಲ್ಲ. ಅವಳ ಚೀಲದಿಂದ ಬಾಟಲಿ ತೆಗೆದೆ. ಕಂಠದವರೆಗೂ ತುಂಬಿತ್ತು.

"ಮುಂಜಾನಿಂದ ನೀರ ಕುಡದಿಲ್ಲೇನ್ ಬೇ ಯವ್ವಾ?"

"ಇದೂ ಮಗಳ ಮನಿ ಅಂಗಳನ ಐತಿ," ಎಂದಳು. ದನಿ ಒಣಗಿತ್ತು. "ಗುಡಿ ಮುಟ್ಟೂತನಕ ನೀರು ಮುಟ್ಟಂಗಿಲ್ಲ ಅಂತ ಬೇಡ್ಕೊಂಡೀನಿ. ನಿನ್ನ ಉಡಿ ತುಂಬ್ಲಿ ಅಂತ."

ಕಾಲು ಹಿಡಿದೆ, ಬೈದೆ, ಗದ್ದ ಹಿಡಿದು ಬಾಟಲಿಯನ್ನು ಬಾಯಿಗೆ ಇಟ್ಟೆ. ಹಲ್ಲು ಕಚ್ಚಿಕೊಂಡಳು. ಹಿರಿಯರನ್ನು ಕೂಗಿ, ನೀವಾದರೂ ಹೇಳಿ ಎಂದೆ.

"ಹರಕಿ ತಂಗಿ ಅದು. ನಾವು ಹೆಂಗ ಬಾಯಿ ಹಾಕೂದು? ಮ್ಯಾಲೆ ಹೋಗಿ ಹೊರಾವ್ರನ್ನ ಕಳಿಸ್ತೀನಿ," ಎಂದು ಅವರು ಕಂಬಿ ಹೊತ್ತು ಹತ್ತಿದರು. ಗುಂಪೂ ಅವರ ಹಿಂದೆ ಹೋಯಿತು. ಮೊಬೈಲ್ ತೆಗೆದರೆ ನೆಟ್‌ವರ್ಕ್ ಇಲ್ಲ. ದಾಟಿ ಹೋಗುವವರೆಲ್ಲ ಅವ್ವನಿಗೆ ಕೈ ಮುಗಿದು ಹೋಗುತ್ತಿದ್ದರು! ಸಾಯುತ್ತಿರುವ ಹೆಂಗಸಿಗೆ ಕೈ ಮುಗಿಯುವ ಈ ಜನಕ್ಕೆ ಏನು ಹೇಳುವುದು? ಮಲ್ಲಯ್ಯನನ್ನು ಬಾಯಿಗೆ ಬಂದಂತೆ ಬೈದೆ. ಅಳಿಯನಂತೆ ಅಳಿಯ, ಅತ್ತೆ ಬಾಗಿಲಲ್ಲಿ ಬಿದ್ದರೂ ಏಳದವನು.

ಆಮೇಲೆ ಮಾಡಿದ್ದು ಶುದ್ಧ ಹುಚ್ಚು. ನನ್ನ ಬಾಟಲಿ ತೆರೆದು, ಇದ್ದ ನೀರನ್ನೆಲ್ಲ ಬಂಡೆಯ ಮೇಲೆ ಸುರಿದೆ.

"ನೀ ಕುಡಿಯೂತನಕ ನಾನೂ ಕುಡಿಯಂಗಿಲ್ಲ."

ಕಾದ ಬಂಡೆ ನೋಡನೋಡುತ್ತ ನೀರು ಹೀರಿತು. ಅವ್ವ ಕಣ್ಣು ತೆರೆದು, "ಹುಚ್ಚಿ," ಎಂದಳು, ಮತ್ತೆ ಮುಚ್ಚಿದಳು. ಮೇಲಿನಿಂದ ಯಾರೂ ಇಳಿದು ಬರಲಿಲ್ಲ. ನನ್ನ ನಾಲಿಗೆ ಅಂಗುಳಕ್ಕೆ ಅಂಟಿತು, ಕಣ್ಣು ಕತ್ತಲೆ ಬಂತು. ಅವ್ವನ ಕೈ ಹಿಡಿದರೆ ಬೆಂಕಿಯ ಹಾಗೆ ಸುಡುತ್ತಿತ್ತು. ಹೆದರಿಕೆಗೆ ಅಳು ಒತ್ತಿ ಬಂತು, ಇಷ್ಟು ವರ್ಷ ಆಡದಿದ್ದ ಮಾತೂ ಅದರ ಜೊತೆ ಬಂತು.

"ಮಕ್ಳಿಲ್ದಾಕಿ ಅಂತ ಊರು ಅಂತೈತಿ, ಅನಿಸ್ಕೊಂಡೀನಿ. ತಾಯಿ ಇಲ್ದಾಕಿನೂ ಆಗ್ಲೇನ್ ಬೇ?"

ಅವ್ವ ಕಣ್ಣು ತೆರೆದಳು. ತನ್ನ ಬಾಟಲಿಗೆ ಕೈ ಚಾಚಿ, ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು.

"ಮೊದಲ ನೀ ಕುಡಿ."

"ನೀ ಕುಡಿ."

ಅವಳು ಮಡಿಲಲ್ಲಿದ್ದ ದೇವಿಯ ಸೀರೆಯ ಗಂಟಿನ ಕಡೆ ತಿರುಗಿ, "ತಪ್ಪಾತು ಮಗಳ," ಎಂದು ಕುಡಿದಳು. ಕುಡಿಯುತ್ತ ಅತ್ತಳು. ನೀರು ಗದ್ದದಿಂದ ಇಳಿದು ಗಂಟು ತೊಯ್ದಿತು. ಉಳಿದದ್ದನ್ನು ನಾನು ಕುಡಿದೆ.

ಹೊರುವವರು ಕೊನೆಗೂ ಬಂದರು. ಗುಡಿಯಲ್ಲಿ ಅವ್ವ ಸೀರೆ ಒಪ್ಪಿಸಿದಳು, ಏನೂ ಬೇಡಿಕೊಳ್ಳಲಿಲ್ಲ. ಬಸ್ಸಿನಲ್ಲಿ ಹಿಂದಿರುಗಿದೆವು.

ಮಸ್ಕಿಗೆ ಹೋಗುವ ಮೊದಲು ನಾಲ್ಕು ದಿನ ಇದ್ದು ಹೋಗು ಎಂದು ಲಿಂಗಸುಗೂರಿಗೆ ಕರೆತಂದೆ. ಪಡಸಾಲೆಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಬಾಟಲಿ ಹುಡುಕಲಿಲ್ಲ.

"ಒಂದು ತಂಬಿಗಿ ನೀರು ತಾ," ಎಂದಳು.

ಎಷ್ಟು ವರ್ಷ ಕಾದಿದ್ದೆ ಈ ಮಾತಿಗೆ. ಓಡಿ ಹೋಗಿ ಕೊಡದಿಂದ ತಂದುಕೊಟ್ಟೆ. ಅವ್ವ ತಲೆ ಎತ್ತದೆ, ಒಂದೇ ಉಸಿರಿಗೆ ಕುಡಿದಳು.

"ತಣ್ಣಗದಾವ ನಿಮ್ಮ ಮನಿ ನೀರು," ಎಂದು ಖಾಲಿ ತಂಬಿಗೆ ನನ್ನ ಕೈಗಿಟ್ಟಳು. ಮೊಮ್ಮಗುವಿನ ಆಸೆಯನ್ನು ಅವ್ವ ಬಿಟ್ಟಿದ್ದಾಳೆ ಎಂಬುದು ಆಗ ತಿಳಿಯಿತು. ನಾನು ಇನ್ನೂ ಬಿಟ್ಟಿರಲಿಲ್ಲ.