ನೀರಿನಿಂದ ಹೆಣ ಎತ್ತುವವರು

ಧೀರೇಂದ್ರ ಮಾಸ್ತರರ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ. ಹಳೆಯ ಪುಸ್ತಕದಲ್ಲಿ ಸಿಕ್ಕ ಮಾತಾದರಂತೂ ಕೇಳುವುದೇ ಬೇಡ. ನಿಜಾಮರ ಕಾಲದ ಜನಗಣತಿ ವರದಿಯೊಂದನ್ನು ಎಲ್ಲಿಂದಲೋ ಸಂಪಾದಿಸಿ, ಅದರಲ್ಲಿದ್ದ ವಿಚಿತ್ರ ಉದ್ಯೋಗಗಳನ್ನು ನಮ್ಮೂರು ಭಂಕೂರಿನ ಕಟ್ಟೆಯ ಮೇಲೆ ಕುಳಿತು ಓದುತ್ತಿದ್ದರು. ಅಕ್ಕಸಾಲಿಗರ ಅಂಗಡಿ ಮುಂದಿನ ಮಣ್ಣು ತೊಳೆದು ಬಂಗಾರದ ಪುಡಿ ಹುಡುಕುವವರು ಇದ್ದರಂತೆ, ಸಾವಿನ ಮನೆಗೆ ಕೂಲಿಗೆ ಹೋಗಿ ಅಳುವವರು ಇದ್ದರಂತೆ. ನಾವೆಲ್ಲ ನಗುತ್ತಿದ್ದೆವು. ಮಾಣಿಕಪ್ಪ ಮಾತ್ರ ಎದ್ದು ಹೋಗುತ್ತಿದ್ದ.

ಮಾಣಿಕಪ್ಪ ನಮ್ಮ ಪಕ್ಕದ ಮನೆಯವನು, ನೆಲಕ್ಕೆ ಹಾಸುವ ಫರಸಿ ಕಲ್ಲು ಒಡೆಯುವವನು. ಕಾಗಿಣಾ ನದಿ ದಂಡೆಯ ಊರು ಬಿಟ್ಟು ಬಂದಿದ್ದ. ಹಿರಿಯರು ಹರಗೋಲು ನಡೆಸುತ್ತಿದ್ದರು ಎಂದಷ್ಟೇ ಹೇಳುತ್ತಿದ್ದ. ನಿಜ ಸಂಗತಿ ನಮಗೆ ತಿಳಿದದ್ದು ಆಮೇಲೆ. ಅವನ ಮನೆತನದವರು ನದಿಯಲ್ಲಿ ಮುಳುಗಿದವರ ಹೆಣ ಎತ್ತುತ್ತಿದ್ದರು. ಅದಕ್ಕೆ ಹಣ ಮುಟ್ಟುತ್ತಿರಲಿಲ್ಲ. ಸತ್ತವರ ಮನೆಯವರು ಒಂದು ಹೊಸ ಸೀರೆ ತಂದು ಹೊಸ್ತಿಲ ಹೊರಗಿಟ್ಟು, ಹಿಂದಿರುಗಿ ನೋಡದೆ ಹೋಗಬೇಕು. ಮನೆಯ ಹೆಣ್ಣುಮಗಳು ಅದನ್ನು ಉಡಲೇಬೇಕು, ಇಲ್ಲದಿದ್ದರೆ ಸತ್ತವರ ಜೀವ ನೀರು ಬಿಡುವುದಿಲ್ಲವಂತೆ. ಅಂಥ ಸೀರೆಗಳನ್ನು ಉಟ್ಟೇ ಮಾಣಿಕಪ್ಪನ ತಾಯಿ ಮುದುಕಿಯಾದಳು. ಅವಳನ್ನು ಯಾರೂ ಒಂದು ಮದುವೆಗೂ ಕರೆಯಲಿಲ್ಲ. ಮಗಳು ಭಾಗ್ಯಜ್ಯೋತಿಗೆ ಆ ಗತಿ ಬರಬಾರದೆಂದೇ ಅವನು ಊರು ಬಿಟ್ಟದ್ದು.

2001ರ ಜನಗಣತಿಗೆ ನಮ್ಮ ಓಣಿಗೆ ಬಂದವರು ಇದೇ ಮಾಸ್ತರರು. ಅವತ್ತೇ ನಾಲವಾರದ ಬೀಗರು ಭಾಗ್ಯಜ್ಯೋತಿಗೆ ನಿಶ್ಚಯದ ಸೀರೆ ತಂದು, ಅಂಗಳದಲ್ಲಿ ಚಹಾ ಕುಡಿಯುತ್ತ ಕುಳಿತಿದ್ದರು: ವರ ಅಣವೀರ, ಅವನ ತಂದೆ ದೇವಿಂದ್ರಪ್ಪ. ಹುಟ್ಟಿದ ಊರು ಯಾವುದೆಂದು ಮಾಸ್ತರರು ಕೇಳಿದರು. ಮಾಣಿಕಪ್ಪ ಊರು ಹೇಳಿದ. ತಂದೆಯ ಹೆಸರು ಕೇಳಿದರು. ಅದನ್ನೂ ಹೇಳಿದ್ದೇ ತಡ, ಮಾಸ್ತರರ ಮುಖ ಅರಳಿತು.

"ಹಂಗಾರ ನೀ ಹೆಣ ಎತ್ತೋ ಮನೆತನದಾಂವ! ನಮ್ಮ ಮಾಮಾನ ಹೆಣ ನಿಮ್ಮಪ್ಪನೇ ತೆಗದಾನ. ಭಾಳ ಪುಣ್ಯದ ಕೆಲಸಪ. ನಿಮ್ಮ ಉದ್ಯೋಗ ಪುಸ್ತಕದಾಗ ಬಂದದ."

ಹೊಗಳಿದೆನೆಂದೇ ಅವರ ಭಾವನೆ. ದೇವಿಂದ್ರಪ್ಪ ಅರ್ಧ ಕುಡಿದ ಚಹಾ ಕೆಳಗಿಟ್ಟ. ಸೀರೆ ಮತ್ತೆ ಚೀಲ ಸೇರಿತು. ಸಂಬಂಧ ಅಲ್ಲಿಗೇ ಮುರಿದು, ಬೀಗರು ಎದ್ದು ಹೋದರು. ಮಾಸ್ತರರು ಮಾತ್ರ ತಮ್ಮ ಚಹಾ ಪೂರ್ತಿ ಕುಡಿದೇ ಎದ್ದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಆ ಮಳೆಗಾಲದಲ್ಲಿ, ಶಹಾಬಾದಿನ ಹತ್ತಿರ ನೀರು ತುಂಬಿ ನಿಂತ ಕಲ್ಲಿನ ಖಣಿಯೊಂದಕ್ಕೆ ದೇವಿಂದ್ರಪ್ಪ ಕಾಲು ಜಾರಿ ಬಿದ್ದ. ಹೆಣ ಮೇಲೆ ಬರಲಿಲ್ಲ. ಇಳಿಯಲು ಯಾರಿಗೂ ಧೈರ್ಯವಾಗಲಿಲ್ಲ. ಅಣವೀರ ಬಂದು ಮಾಣಿಕಪ್ಪನ ಅಂಗಳದಲ್ಲಿ ತಲೆ ತಗ್ಗಿಸಿ ನಿಂತ. ಬಾಗಿಲು ಹಾಕಿಕೋ ಎಂದು ನಾನೇ ಹೇಳಿದೆ.

"ನೀರಾಗ ಇದ್ದಾಂವನ ಮ್ಯಾಲ ಏನ್ ಸಿಟ್ರಿ," ಎಂದು ಮಾಣಿಕಪ್ಪ ಧೋತರ ಬಿಗಿದು ಹೊರಟೇಬಿಟ್ಟ. ತಂದೆ ಕಲಿಸಿದ್ದನ್ನು ಮೈ ಮರೆತಿರಲಿಲ್ಲ. ಹೆಣ ಎತ್ತಿ ತಂದು ಮಗನ ಮುಂದೆ ಮಲಗಿಸಿದ.

ಮಣ್ಣಾದ ಮರುದಿನ ಅಣವೀರ ಒಂದು ಸೀರೆ ತಂದು ಹೊಸ್ತಿಲ ಹೊರಗಿಟ್ಟ. ಅದೇ ನಿಶ್ಚಯದ ಸೀರೆ, ಮಡಿಕೆ ಕೂಡ ಬಿಚ್ಚಿರಲಿಲ್ಲ.

"ಮನ್ಯಾಗ ಹೊಸಾದು ಇದೊಂದೇ ಇತ್ರಿ," ಎಂದ. ಹಿಂದಿರುಗಿ ನೋಡದೆ ಹೋದ.

ಮಾಣಿಕಪ್ಪನ ಹೆಂಡತಿ ಯಂಕಮ್ಮ ಸೀರೆಗೆ ಕೈ ಚಾಚಿದಳು. ಭಾಗ್ಯಜ್ಯೋತಿ ಅವಳನ್ನು ಬದಿಗೆ ಸರಿಸಿ ತಾನೇ ಎತ್ತಿಕೊಂಡಳು.

"ನನಗಂತ ತಂದಿದ್ದೇ ಅಲ್ಲೇನವ್ವಾ ಇದು," ಎಂದಳು. ಅದನ್ನೇ ಉಟ್ಟು ಕಲ್ಲು ಹೊರಲು ಹೋದಳು.