ಮಿಸ್ಟರ್ ತಲಘಟ್ಟಪುರ

ಆಗ ಇಂಗ್ಲೆಂಡಿಗೆ ಕೆಲಸಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟ್ ಒಂದೇ ಸಾಲುತ್ತಿರಲಿಲ್ಲ. ಅಲ್ಲಿನ ಸರ್ಕಾರ ಕೊಡುವ ‘ವೋಚರು’ ಎಂಬ ಕಾಗದವೂ ಬೇಕಿತ್ತು. ಅದರಲ್ಲಿ ಬರೆದ ತಾರೀಖಿನೊಳಗೆ, ಅಂದರೆ ಆರು ತಿಂಗಳೊಳಗೆ, ಅಲ್ಲಿ ಹೋಗಿ ಇಳಿಯಬೇಕು. ತಡವಾಯಿತೋ, ಆ ಕಾಗದದಲ್ಲಿ ಕಡಲೆಕಾಯಿ ಕಟ್ಟಿಸಿಕೊಳ್ಳಬಹುದು, ಅಷ್ಟೆ.

ನನ್ನ ಓದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಏಟಿಗೆ. ರೇಡಿಯೋ ರಿಪೇರಿ ಮಾತ್ರ ನಾನಾಗಿಯೇ ಕಲಿತದ್ದು. ಜಯನಗರದ ನಮ್ಮ ಮನೆಯ ರೇಡಿಯೋ ಬಿಚ್ಚಿ ಕಲಿತೆ. ಕಲಿಯುವಷ್ಟು ಕಾಲ ಅಪ್ಪ ವಾರ್ತೆ ಕೇಳಲು ಎರಡು ರಸ್ತೆ ದಾಟಿ ಇನ್ನೊಬ್ಬರ ಮನೆಯ ಜಗಲಿಗೆ ಹೋಗುತ್ತಿದ್ದರು. ಮನೆಯ ರೇಡಿಯೋ ಹಾಡಿದ ಮೇಲೆ ನನಗೆ ಪಿತ್ತ ನೆತ್ತಿಗೇರಿತು. ಹಳೇ ಇಂಗ್ಲಿಷ್ ರೇಡಿಯೋ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿದ್ದ ಅಂಗಡಿಗಳಿಗೆಲ್ಲ ‘ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳಿ’ ಎಂದು ಬರೆದೆ. ಎಲ್ಲರೂ ಸುಮ್ಮನಿದ್ದರು. ಒಬ್ಬ ಪುಣ್ಯಾತ್ಮ ಮಾತ್ರ ಬಾ ಎಂದ. ವೋಚರಿಗೆ ಅರ್ಜಿಯನ್ನೂ ತಾನೇ ಹಾಕುತ್ತೇನೆಂದ. ಒಂದೇ ಪ್ರಶ್ನೆ ಕೇಳಿದ್ದ: ನಿನ್ನ ಸರ್‌ನೇಮ್ ಏನು?

ನಮಗೆ ಎಲ್ಲಿಯ ಸರ್‌ನೇಮು? ಹೆಸರಿನ ಮುಂದೆ ‘ಟಿ’ ಎಂಬ ಒಂದು ಅಕ್ಷರ ಇತ್ತು.

“ಟಿ ಅಂದ್ರೆ ಏನಪ್ಪಾ?” ಎಂದು ಅಪ್ಪನನ್ನು ಕೇಳಿದೆ.

“ತಲಘಟ್ಟಪುರ ಕಣೋ. ನಿಮ್ ತಾತನ ಊರು.”

“ಅದನ್ನೇ ಬರೀಲಾ?”

“ಬರಿ. ಇಂಗ್ಲಿಷ್‌ನೋರು ಹೇಳಕ್ಕಾಗ್ದೆ ಒದ್ದಾಡ್ಲಿ.”

ಪಾಸ್‌ಪೋರ್ಟಿಗೂ ಅದನ್ನೇ ಬರೆದೆ, ವೋಚರಿಗೆಂದು ಅಂಗಡಿಯವನಿಗೂ ಅದನ್ನೇ ಬರೆದೆ. ಆಮೇಲೆ ಕಾದೆ. ಪಾಸ್‌ಪೋರ್ಟ್ ಬಂತು, ವೋಚರು ಬರಲಿಲ್ಲ. ಬಹಳ ದಿನ ಕಳೆದ ಮೇಲೆ ಅಂಗಡಿಯವನ ಪತ್ರ ಬಂತು. ಸರ್ಕಾರ ವೋಚರನ್ನು ನೇರ ನಿನಗೇ ಕಳಿಸಿ ನಾಲ್ಕು ತಿಂಗಳಾಯಿತು, ಇನ್ನೂ ಯಾಕೆ ಹೊರಟಿಲ್ಲ, ಬೇರೆಯವನನ್ನು ನೋಡಲಾ ಎಂದು ಕೇಳಿದ್ದ.

ನಮ್ಮ ಪೋಸ್ಟ್‌ಮ್ಯಾನನ್ನು ಗೇಟಿನಲ್ಲೇ ಅಡ್ಡ ಹಾಕಿದೆ. “ಸಾರ್, ಲಂಡನ್ನಿಂದ ಸರ್ಕಾರದ ಲಕೋಟೆ ಬಂದಿತ್ತಾ?”

“ಬಂದಿತ್ತಲ್ಲಪ್ಪ, ಭಾರಿ ಲಕೋಟೆ! ಮಿಸ್ಟರ್ ತಲಘಟ್ಟಪುರ, ಜಯನಗರ, ಬೆಂಗಳೂರು ಸೌತ್ ಅಂತಿತ್ತು. ಪಾಪ, ಬರ್ದೋನ್ಗೆ ನಮ್ಮೂರ್ ಕಡೆ ಗೊತ್ತಿಲ್ಲ. ತಲಘಟ್ಟಪುರ ಜಯನಗರದಲ್ಲಿದ್ಯಾ? ಜಯನಗರ ಹೊಡ್ದಾಕಿ ಊರಿಗೆ ಕಳಿಸ್ಬಿಟ್ವಿ.”

“ಮಿಸ್ಟರ್ ಅಂತಿತ್ತಲ್ಲ ಸಾರ್!”

“ಊರಿಗೂ ಮರ್ಯಾದೆ ಕೊಡ್ತಾರೇನೋ ಅನ್ಕೊಂಡ್ವಿ.”

ಸೈಕಲ್ ಹತ್ತಿದೆ. ಬನಶಂಕರಿ ಗುಡಿ ದಾಟಿ ಕನಕಪುರದ ರಸ್ತೆಯಲ್ಲಿ ತುಳಿದೂ ತುಳಿದೂ ತೊಡೆ ಗಟ್ಟಿಯಾಯಿತು. ಹೆಸರಿನಲ್ಲಿ ಹೊತ್ತುಕೊಂಡಿದ್ದ ಊರನ್ನು ನಾನು ನೋಡಿದ್ದು ಅದೇ ಮೊದಲು.

ಊರಿನ ಚಾವಡಿಯ ಗೋಡೆಯ ಮೇಲೆ, ಮಲೇರಿಯಾ ನೋಟೀಸಿನ ಪಕ್ಕದಲ್ಲಿ, ನನ್ನ ವೋಚರನ್ನು ಗಂಜಿ ಹಾಕಿ ನೀಟಾಗಿ ಅಂಟಿಸಿದ್ದರು. ನನಗೆ ಅಳುವೂ ಬಂತು, ನಗುವೂ ಬಂತು. ಅಳುವೇ ಸ್ವಲ್ಪ ಮುಂದಿತ್ತು. ಕೊನೆಯ ತಾರೀಖಿಗೆ ಇನ್ನು ಉಳಿದದ್ದು ಒಂದೂವರೆ ತಿಂಗಳು. ಅದರಲ್ಲಿ ಹಡಗಿನ ಮೇಲೇ ಮೂರು ವಾರ ಹೋಗುತ್ತದೆ.

ಊರಿನ ಪಟೇಲ ಗೌಡರು ಕಂಬಕ್ಕೆ ಒರಗಿ ಕೂತಿದ್ದರು. ನಾನು ಗೋಡೆಗೆ ಕೈ ಹಾಕಿದ್ದೇ ತಡ, “ಏಯ್, ಯಾವನ್ಲಾ ಅವ್ನು? ಸರ್ಕಾರಿ ಕಾಗ್ದ ಮುಟ್ಬೇಡ!” ಎಂದು ಗದರಿದರು.

“ಗೌಡ್ರೇ, ಅದು ನಂದು.”

“ನಿಂದಾ? ಊರ್ ಹೆಸ್ರಿಗ್ ಬಂದೈತೆ. ಮೇಷ್ಟ್ರು ಓದವ್ರೆ. ತಲಘಟ್ಟಪುರದೋರು ಲಂಡನ್ಗೆ ಬಂದು ಕೆಲ್ಸ ಮಾಡ್ಬೌದು ಅಂತ ಆರ್ಡ್ರಾಗೈತೆ. ಇಬ್ರು ಆಗ್ಲೇ ಸ್ವೆಟರ್ ತಗಂಡವ್ರೆ.”

ತಾತನ ಹೆಸರು ಹೇಳಿದೆ. ‘ಟಿ’ಯ ಕಥೆ ಹೇಳಿದೆ. ಪಾಸ್‌ಪೋರ್ಟ್ ತೋರಿಸಿದೆ. ಪಟೇಲರು ನನ್ನ ಫೋಟೋವನ್ನೂ ನನ್ನನ್ನೂ ಮೂರು ಸಲ ನೋಡಿದರು.

“ಓಹೋ, ಜಮೀನ್ ಮಾರ್ಕಂಡ್ ಪೇಟೆ ಸೇರ್ದೋರ ಮೊಮ್ಮಗ! ಒಂದ್ ದಿನ ಊರ್ಕಡೆ ತಲೆ ಹಾಕ್ಲಿಲ್ಲ, ಈಗ ಊರ್ನೇ ಹೆಸ್ರು ಮಾಡ್ಕಂಡು ಲಂಡನ್ಗೆ ಹೊಂಟವ್ನೆ.”

“ತಪ್ಪಾಯ್ತು ಗೌಡ್ರೇ. ಆದ್ರೆ ಅದಿಲ್ದೇ ಇದ್ರೆ ನನ್ ಕೆಲಸ ಹೋಗುತ್ತೆ.”

ಗೌಡರು ತಲೆ ಕೆರೆದುಕೊಂಡರು. “ಕೊಡಾಣ. ಆದ್ರೆ ಕೀಳೋದೆಂಗೆ? ಅಂಟ್ಸಿರೋದು ನಮ್ಮನೇಳು. ಅವಳ್ ಗಂಜಿ ಅಂದ್ರೆ ಗೋಡೆ ಬಿದ್ರೂ ಬಿಡಾಕಿಲ್ಲ.”

ಗೌಡತಿಯನ್ನು ಕರೆಸಿದರು. ಆಕೆ ಬಿಸಿನೀರು, ಬಟ್ಟೆ ಮತ್ತು ದೋಸೆ ಮಗುಚುವ ಕೈ ಹಿಡಿದು ಬಂದರು. ಊರೆಲ್ಲ ಸೇರಿತು. ಒದ್ದೆ ಬಟ್ಟೆ ಒತ್ತುವುದು, ಅಂಚಿನಿಂದ ಮೆಲ್ಲಗೆ ಎಬ್ಬಿಸುವುದು, ಮತ್ತೆ ಒತ್ತುವುದು. ಹೆಸರು ಬಂತು, ನಂಬರು ಬಂತು, ಸಹಿ ಬಂತು.

“ಮೊದಲ್ನೇ ದೋಸೆ ಯಾವತ್ತೂ ಸರ್ಯಾಗ್ ಏಳಾಕಿಲ್ಲ ಮಗಾ, ಬೇಜಾರ್ ಮಾಡ್ಕಬ್ಯಾಡ,” ಎಂದು ಗೌಡತಿ ಕಾಗದವನ್ನು ನನ್ನ ಅಂಗೈ ಮೇಲೆ ಹಾಕಿದರು. ಕೆಳಗಿನ ಮೂಲೆ ಗೋಡೆಯಲ್ಲೇ ಉಳಿದಿತ್ತು. ಕೊನೆಯ ತಾರೀಖು ಇದ್ದದ್ದೇ ಆ ಮೂಲೆಯಲ್ಲಿ.

ಸ್ವೆಟರ್ ಕೊಂಡಿದ್ದವರಲ್ಲಿ ಒಬ್ಬ ತನ್ನದನ್ನು ನನಗೇ ಮಾರಿದ.

ಇಂಗ್ಲೆಂಡಿನ ಬಂದರಿನಲ್ಲಿ ಅಧಿಕಾರಿ ವೋಚರನ್ನು ಬೆಳಕಿಗೆ ಹಿಡಿದ. ಅವನ ಮೇಜಿನ ತುಂಬ ಸುಣ್ಣದ ಪುಡಿ ಉದುರಿತು. “ತಾರೀಖೆಲ್ಲಿ?” ಎಂದು ಕೇಳಿದ. ಏನು ಸುಳ್ಳು ಹೇಳಿದರೂ ನಿಜಕ್ಕಿಂತ ಚೆನ್ನಾಗಿರುತ್ತಿತ್ತು. ಆದರೆ ನನ್ನ ಇಂಗ್ಲಿಷಿನಲ್ಲಿ ಸುಳ್ಳು ಕಟ್ಟುವುದು ಕಷ್ಟ. “ನಮ್ಮೂರಿನ ಗೋಡೆಯ ಮೇಲಿದೆ ಸಾರ್,” ಎಂದೆ. ಅವನು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ನಂಬರು ಹೇಳಿ ಲಂಡನ್ನಿಗೆ ಫೋನು ಮಾಡಿದ. ಅಲ್ಲಿ ಯಾರೋ ನಕಲು ಹುಡುಕುವಷ್ಟು ಹೊತ್ತು ನನ್ನ ಜೊತೆಯ ಪ್ರಯಾಣಿಕರೆಲ್ಲ ಟ್ರಂಕು ಹೊತ್ತು ಹೊರಗೆ ಹೋದರು. ಬೆಂಚಿನ ಮೇಲೆ ನಾನೊಬ್ಬನೇ ಉಳಿದೆ.

ಫೋನಿಟ್ಟು ಅಧಿಕಾರಿ ನಾಲ್ಕು ಬೆರಳು ಎತ್ತಿದ. ಇನ್ನೂ ನಾಲ್ಕು ದಿನ ಬಾಕಿ ಇತ್ತು. ಮೇಜಿನ ಸುಣ್ಣ ಊದಿ ಠಸ್ಸೆ ಹೊಡೆದ.