ಓದಿ ಹೇಳುತ್ತಿದ್ದವರು

ನಮ್ಮ ನಾಟಕ ತಂಡದಲ್ಲಿ ಇರುವುದು ಏಳೇ ಜನ. ಮುಂದಿನ ಪ್ರಯೋಗಗಳನ್ನು ಗೊತ್ತುಮಾಡಲು ಒಂದು ಭಾನುವಾರ ಮಧ್ಯಾಹ್ನ ಗೋಕಾಕದಲ್ಲಿ, ನಾನು ಕಲಿಸುವ ಶಾಲೆಯ ಕೋಣೆಯಲ್ಲಿ ಸೇರಿದಾಗ ಬಂದವರು ಆರು. ಬಾರದವರು ಕುಲಗೋಡದ ಕಾಕಾ. ಕುರಿ ಕಾಯುವವರು, ನಮ್ಮ ಮುಖ್ಯ ನಟ. ಅವರ ಹೆಂಡತಿ, ನಮ್ಮೆಲ್ಲರ ಕಾಕು, ತೀರಿಕೊಂಡು ಎರಡು ತಿಂಗಳಾಗಿತ್ತು. ಆದರೂ ಅವರನ್ನು ನಂಬಿಯೇ ಎಲ್ಲ ನಿರ್ಧರಿಸಿದೆವು: ಮೊದಲು ನಾನು ಬರೆದ ಹೊಸ ನಾಟಕ ಘೋಡಗೇರಿಯಲ್ಲಿ, ಆಮೇಲೆ ಹಳೆಯ ನಾಟಕ ಹುಕ್ಕೇರಿಯಲ್ಲಿ. ಹೊಸದರಲ್ಲಿ ಹೆಚ್ಚಿನ ಮಾತೆಲ್ಲ ಕಾಕಾ ಅವರದೇ.

ಮರುವಾರ ನಾಟಕದ ಪ್ರತಿ ಹಿಡಿದು ಬಸ್ಸಿನಲ್ಲಿ ಕುಲಗೋಡಕ್ಕೆ ಹೋದೆ. ಕಾಕಾ ಮರಿಗಳಿಗೆ ತಿನ್ನಲು ತೊಪ್ಪಲು ಕಟ್ಟುತ್ತಿದ್ದರು. ಅವರಿಗೆ ಓದು ಬರುವುದಿಲ್ಲ. ಏಳನೆಯ ಇಯತ್ತೆವರೆಗೆ ಕಲಿತಿದ್ದ ಕಾಕು ಓದಿ ಹೇಳುತ್ತಿದ್ದರು, ಇವರು ಕೇಳಿ ಬಾಯಿಪಾಠ ಮಾಡುತ್ತಿದ್ದರು. ಇಷ್ಟು ತಂಡಕ್ಕೆಲ್ಲ ಗೊತ್ತಿತ್ತು. ಇನ್ನು ಮೇಲೆ ನಾನೇ ಓದಿ ಹೇಳುತ್ತೇನೆಂದು ಅಲ್ಲೇ ಕುಳಿತು ಶುರುಮಾಡಿದೆ. ನಾನು ಅಂದದ್ದನ್ನು ಅವರು ಹಾಗೆಯೇ ಅಂದರು. ದನಿಯಲ್ಲಿ ಜೀವ ಇರಲಿಲ್ಲ. ಎರಡು ದೃಶ್ಯ ಮುಗಿದ ಮೇಲೆ ಕೇಳಿದರು:

"ಇದು ನೀವು ಬರದಂಗ ಐತೇನ್ರಿ ಸರ?"

"ಹೌದು ಕಾಕಾ. ಇನ್ನ ಹೆಂಗಿರಬೇಕಿತ್ತು?"

"ಆಕಿ ಹಿಂಗ ಕಲಸ್ತಿದ್ದಿಲ್ರಿ. ಮೊದಲ ನಿಮ್ಮದು ಓದಾಕಿ. ಆಮ್ಯಾಗ ಹಾಳಿ ಮುಚ್ಚಿಟ್ಟು, ಕುರಿ ಕಾಯಾವ್ರ ಮನ್ಯಾಗ ಯಾರೂ ಹಿಂಗ ಮಾತಾಡೂದಿಲ್ಲ, ಹಿಂಗ ಅನ್ನು ಅಂತ ತನ್ನ ಮಾತು ಹೇಳಿಕೊಡಾಕಿ. ನಾ ಅದನ್ನ ಕಲೀತಿದ್ದೆ."

ನಾನು ಹಾಳೆ ಮಡಿಸಿಟ್ಟೆ. ಹಳೆಯ ನಾಟಕದಲ್ಲಿ, ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವ ತಂದೆಗೆ ನಾನು ಅರ್ಧ ಪುಟದ ಅಳು ಬರೆದಿದ್ದೆ. ಮಸಗುಪ್ಪಿಯ ಮೊದಲ ಪ್ರಯೋಗದಲ್ಲಿ ಕಾಕಾ ಅದನ್ನೆಲ್ಲ ಬಿಟ್ಟು, "ಬುತ್ತಿ ಕಟ್ಟೇನವ್ವಾ. ಒಬ್ಬಾಕೀನ ತಿನಬ್ಯಾಡ, ಬಾಜೂದವ್ರಿಗೂ ಕೊಡು" ಎಂದಷ್ಟೇ ಅಂದಿದ್ದರು. ಮುಂದೆ ಕುಳಿತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು. ಬಣ್ಣ ತೆಗೆಯುವಾಗ ಮಾತು ನುಂಗಿದಿರೆಂದು ನಾನು ಕಾಕಾನ ಮೇಲೆ ರೇಗಿದ್ದೆ. ತಾಲೀಮಿನಲ್ಲೂ ಅವರ ಮಾತು ಅಲ್ಲಲ್ಲಿ ಬೇರೆಯಾಗುತ್ತಿದ್ದುದನ್ನು ಓದು ಬಾರದವರ ಮರೆವೆಂದೇ ತಿಳಿದಿದ್ದೆ. ಆದರೆ ಮುಂದೊಂದು ಊರಿನಲ್ಲಿ ಅತಿಥಿಯೊಬ್ಬರು ಆ ಮಾತನ್ನೇ ಎತ್ತಿ ಹೇಳಿ ಹೊಗಳಿದಾಗ, ಬರೆದವನು ನಾನೇ ಎಂಬಂತೆ ಎದ್ದು ಕೈಮುಗಿದಿದ್ದೆ. ಆ ದಿನ ಹೆಂಗಸರ ನಡುವೆ ಕಾಕು ಕುಳಿತಿದ್ದರು. ತಾಲೀಮಿಗೂ ಬಂದು ಗೋಡೆಗೆ ಒರಗಿ ಕೂರುತ್ತಿದ್ದರು. ಊಟ ಆಯಿತೇ ಎಂಬುದೊಂದನ್ನು ಬಿಟ್ಟು ಅವರನ್ನು ನಾನು ಏನೂ ಕೇಳಿದವನಲ್ಲ.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ.

"ಆಕೀನ ಬ್ಯಾಡಂದಿದ್ಲರಿ. ಸರ್‌ಗೆ ಬ್ಯಾಸರ ಆಗತೈತಿ ಅಂತ."

ಹೊಸ ನಾಟಕವನ್ನು ಆಗಲೇ ಕೈಬಿಡಬೇಕಿತ್ತು. ಆದರೆ ಘೋಡಗೇರಿಯವರಿಗೆ ಮಾತು ಕೊಟ್ಟಾಗಿತ್ತು, ನನಗೆ ನನ್ನ ಬರವಣಿಗೆಯ ಮೇಲಿನ ಹಟವೂ ಇತ್ತು. ಪ್ರತಿ ಭಾನುವಾರ ಹೋಗಿ ಓದಿ ಹೇಳಿದೆ. ಪ್ರಯೋಗದ ದಿನ ಕಾಕಾ ನನ್ನದೊಂದು ಮಾತನ್ನೂ ತಪ್ಪಿಸಲಿಲ್ಲ. ಅರ್ಧಕ್ಕೇ ಹಿಂದಿನ ಸಾಲಿನ ಹೆಂಗಸರು ಮಕ್ಕಳನ್ನು ಎಬ್ಬಿಸಿಕೊಂಡು ಹೊರಟರು. ನನ್ನ ಉದ್ದುದ್ದ ವಾಕ್ಯಗಳನ್ನು ಒಪ್ಪಿಸುತ್ತ ಕಾಕಾ ಒಬ್ಬರೇ ಬೆಳಕಿನಲ್ಲಿ ನಿಂತಿದ್ದರು.

ಆಮೇಲಿನ ಸಭೆಯಲ್ಲಿ ನಡೆದದ್ದನ್ನೆಲ್ಲ ತಂಡಕ್ಕೆ ಹೇಳಿದೆ. ಹೊಸ ನಾಟಕ ನಿಂತಿತು. ಈಗ ಉಳಿದಿರುವುದು ಹುಕ್ಕೇರಿಯ ಪ್ರಯೋಗವೊಂದೇ. ಅದಕ್ಕಾಗಿ ಕಾಕು ಕಲಿಸಿದ ಮಾತುಗಳನ್ನು ಕಾಕಾನ ಬಾಯಿಂದ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಎಷ್ಟೋ ಕಡೆ ಅವರಿಗೆ ನೆನಪು ಹತ್ತುವುದಿಲ್ಲ. ಮೊನ್ನೆ ಮೂರನೆಯ ದೃಶ್ಯದ ಒಂದು ಮಾತು ಎಷ್ಟು ಹುಡುಕಿದರೂ ಅವರಿಗೆ ಸಿಗಲಿಲ್ಲ. ಅಲ್ಲಿ ನಾನು ಬರೆದದ್ದನ್ನೇ ಹಾಕಲೇ ಎಂದು ಕೇಳಿದೆ.

"ಹಾಕ್ರಿ," ಎಂದರು. "ಮತ್ತೇನ ಮಾಡೂದು."